ಪಾಠದ ವಿಡಿಯೊಗೆ ಅಡಿಬರಹ, ಚಿತ್ರಕ್ಕೆ ಮಾತು: ಸರ್ಕಾರದ ಹಣ ಕೇಳುವ ದಾರಿ

ಕಿವಿ ಕೇಳದ ಮಗುವಿಗೆ ಅಡಿಬರಹ ಇರುವ ಪಾಠದ ವಿಡಿಯೊ ಬೇಕು, ಕಣ್ಣು ಕಾಣದ ಮಗುವಿಗೆ ಪರದೆಯ ಮೇಲಿನದನ್ನು ಬಾಯಲ್ಲಿ ವಿವರಿಸುವ ಪಾಠ ಬೇಕು. ಇದಕ್ಕೆ ಸರ್ಕಾರದ ಹಣ ಉಂಟೇ ಎಂದು ಕಚೇರಿಯಲ್ಲಿ ಕೇಳಿದರೆ ‘ಅಂಥ ಸ್ಕೀಮ್ ಯಾವ್ದೂ ಇಲ್ಲಮ್ಮ’ ಎಂಬ ಉತ್ತರ ಬರಬಹುದು. ಉತ್ತರ ಕೊಟ್ಟವರು ಸುಳ್ಳು ಹೇಳಿಲ್ಲ. ಆ ಹೆಸರಿನ ಯೋಜನೆ ಇಲ್ಲ. ಆದರೆ ಹಣ ಇದೆ. ಅದು ಬೇರೆ ಬೇರೆ ಇಲಾಖೆಗಳಲ್ಲಿ, ಬೇರೆ ಬೇರೆ ಹೆಸರಿನಲ್ಲಿ ಚದುರಿಹೋಗಿದೆ. ಅಮೆರಿಕದಲ್ಲಿ 1958ರಷ್ಟು ಹಿಂದೆಯೇ, ಕಿವುಡರಿಗಾಗಿ ಅಡಿಬರಹದ ಚಿತ್ರಗಳನ್ನು ಸರ್ಕಾರಿ ಖರ್ಚಿನಲ್ಲಿ ಸಿದ್ಧಪಡಿಸಿ ಎರವಲು ಕೊಡುವ ಕಾನೂನು ಬಂತು. ನಮ್ಮಲ್ಲಿ ಹಕ್ಕನ್ನು ಬರೆದಿಟ್ಟಿದ್ದಾರೆ, ಹಣಕ್ಕೆ ಒಂದೇ ಕಿಟಕಿ ಮಾಡಿಲ್ಲ. ಹಾಗಾಗಿ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಹೋಬಳಿಯ ಪೋಷಕರು ಯಾವ ಬಾಗಿಲನ್ನು ಯಾವ ಹೆಸರಿನಲ್ಲಿ ತಟ್ಟಬೇಕೆಂದು ತಿಳಿದುಕೊಂಡೇ ಮನೆಯಿಂದ ಹೊರಡುವುದು ಒಳ್ಳೆಯದು. ಆಲೂರು ತಾಲ್ಲೂಕಿನವರಿಗೂ ದಾರಿ ಇದೇ, ಕಚೇರಿ ಮಾತ್ರ ಆಲೂರಿನದು.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಎರಡು ಸೆಕ್ಷನ್‌ಗಳನ್ನು ನೆನಪಿಟ್ಟುಕೊಂಡರೆ ಸಾಕು. ಸೆಕ್ಷನ್ 17ರ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ ವಿದ್ಯಾರ್ಥಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕು. ಸೆಕ್ಷನ್ 42 ಟಿ.ವಿ. ಮತ್ತಿತರ ಎಲೆಕ್ಟ್ರಾನಿಕ್ ಮಾಧ್ಯಮಗಳಲ್ಲಿ ದೃಶ್ಯ ವಿವರಣೆ, ಸಂಜ್ಞಾ ಭಾಷೆ, ಅಡಿಬರಹ ಒದಗಿಸಲು ಸರ್ಕಾರ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. ಅರ್ಜಿಯಲ್ಲಿ ಈ ಎರಡು ಸಂಖ್ಯೆ ಕಂಡರೆ ಓದುವವರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಹೆಜ್ಜೆ 1: ಮಗುವಿಗೆ ನಿಜವಾಗಿ ಬೇಕಾದದ್ದು ಯಾವುದು?

ಹೆಚ್ಚಿನವರು ಎಡವುವುದು ಇಲ್ಲೇ. ಅಡಿಬರಹ ಉಪಯೋಗಕ್ಕೆ ಬರುವುದು ಓದಲು ಬರುವ ಮಗುವಿಗೆ ಮಾತ್ರ. ಹುಟ್ಟಿನಿಂದ ಕಿವಿ ಕೇಳದ, ಶ್ರವಣ ಸಾಧನವೂ ಇಲ್ಲದೆ ಏಳೆಂಟು ವರ್ಷ ಕಳೆದ ಮಗುವಿಗೆ ಕನ್ನಡ ಅಕ್ಷರ ತೋರಿಸಿದರೆ ಅದಕ್ಕೆ ಅವು ಬರಿಯ ಗೆರೆಗಳು. ಆ ಮಗುವಿಗೆ ಮೊದಲು ಬೇಕಾದದ್ದು ಒಂದು ಭಾಷೆ. ಸಂಜ್ಞಾ ಭಾಷೆಯೋ, ಸಾಧನ ಹಾಕಿಸಿ ಮಾತಿನ ತರಬೇತಿಯೋ, ಎರಡೂ ಸೇರಿಯೋ ಎಂಬುದನ್ನು ತಜ್ಞರೊಡನೆ ಕೂತು ತೀರ್ಮಾನಿಸಬೇಕು. ನಮ್ಮ ಭಾಗಕ್ಕೆ ಇದರಲ್ಲಿ ದೊಡ್ಡ ಆಸರೆ ಎಂದರೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಒಂದು ಸಲ ಅಲ್ಲಿಗೆ ಹೋಗಿಬರುವುದು ಹತ್ತು ವಿಡಿಯೊ ಡೌನ್‌ಲೋಡ್ ಮಾಡುವುದಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಸ್ವಲ್ಪ ಕೇಳಿಸುವ, ಓದಲು ಬರುವ ಮಗುವಿಗೆ ಅಡಿಬರಹ ಬಹಳ ನೆರವಾಗುತ್ತದೆ. ಕಣ್ಣು ಕಾಣದ ಮಗುವಿನ ಕಷ್ಟ ಬೇರೆ. ಪಾಠದ ವಿಡಿಯೊದಲ್ಲಿ ಮೇಷ್ಟ್ರು ‘ಇಲ್ಲಿ ನೋಡಿ, ಇದು ಹೀಗೆ ಹೋಗಿ ಹೀಗೆ ಬರುತ್ತದೆ’ ಎನ್ನುತ್ತಾರೆ. ಹೃದಯದಲ್ಲಿ ರಕ್ತ ಹರಿಯುವ ಚಿತ್ರವನ್ನು ಆ ಒಂದು ವಾಕ್ಯದಲ್ಲಿ ಮುಗಿಸಿದರೆ ಮಗುವಿಗೆ ಏನು ದಕ್ಕಿತು? ಯಾವುದು ಎಲ್ಲಿದೆ, ಯಾವ ಕಡೆಗೆ ಚಲಿಸುತ್ತಿದೆ ಎಂದು ಮಾತಿನಲ್ಲಿ ಹೇಳುವುದೇ ದೃಶ್ಯ ವಿವರಣೆ. ಅರೆದೃಷ್ಟಿಯ ಮಗುವಿಗೆ ದೊಡ್ಡ ಅಕ್ಷರ, ದೊಡ್ಡ ಪರದೆಯಷ್ಟೇ ಸಾಕಾಗಬಹುದು. ಏನು ಬೇಕೆಂಬುದನ್ನು ಒಂದೇ ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಅರ್ಜಿಗೂ ಆ ಸಾಲೇ ಆಧಾರ.

ಹೆಜ್ಜೆ 2: ಎರಡು ಕಡೆ ಹೆಸರು ದಾಖಲಾಗಲಿ

ಒಂದು, ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಅರ್ಜಿ ಆನ್‌ಲೈನ್‌ನಲ್ಲಿ. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅದನ್ನು ತುಂಬಲು ನೆರವಾಗುತ್ತಾರೆ, ಅದು ಅವರ ಕೆಲಸವೇ. ವೈದ್ಯಕೀಯ ತಪಾಸಣೆ ಬಗ್ಗೆ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲಿ ವಿಚಾರಿಸಿ. ಶ್ರವಣ ಪರೀಕ್ಷೆಯಂಥವಕ್ಕೆ ಹಾಸನಕ್ಕೆ ಹೋಗಬೇಕಾಗಬಹುದು. ತೋಟದ ಕೂಲಿ ಬಿಟ್ಟು ಹಾಸನಕ್ಕೆ ಹೋಗುವವರಿಗೆ ಒಂದು ದಿನದ ಸಂಬಳ ಖೋತಾ ಎಂಬುದು ಸಣ್ಣ ಮಾತಲ್ಲ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ತಾಯಿಗೆ ಟಿಕೆಟ್ ಇಲ್ಲ, ಮಗು ಹೆಣ್ಣಾದರೆ ಅದಕ್ಕೂ ಇಲ್ಲ. ಅಷ್ಟಾದರೂ ಉಳಿತಾಯ.

ಎರಡು, ಶಾಲೆಯ ದಾಖಲೆ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ಹಣ ಬರುವುದು ಇದರ ಮೇಲೆ. ಶಾಲೆಯವರು ಕಂಪ್ಯೂಟರಿಗೆ ತುಂಬುವ ಸ್ಯಾಟ್ಸ್ ಮತ್ತು ಯುಡೈಸ್ ದಾಖಲೆಯಲ್ಲಿ ನಿಮ್ಮ ಮಗುವಿನ ಹೆಸರಿನ ಮುಂದೆ ‘ವಿಶೇಷ ಅಗತ್ಯವುಳ್ಳ ಮಗು’ ಎಂದೂ, ಯಾವ ಬಗೆಯ ನ್ಯೂನತೆ ಎಂದೂ ನಮೂದಾಗಿರಬೇಕು. ಇಲ್ಲದಿದ್ದರೆ ಇಲಾಖೆಯ ಲೆಕ್ಕದಲ್ಲಿ ಅಂಥ ಮಗುವೇ ಇಲ್ಲ. ಮುಖ್ಯ ಶಿಕ್ಷಕರ ಬಳಿ ಹೋಗಿ ‘ಸಾರ್, ನಮ್ ಹುಡುಗಿ ಹೆಸರು ಕಂಪ್ಯೂಟರಲ್ಲಿ ಹೇಗ್ ಬಿದ್ದಿದೆ, ಒಂದ್ಸಲ ತೋರ್ಸಿ’ ಎಂದು ಕೇಳಲು ಸಂಕೋಚ ಬೇಡ. ಊರಲ್ಲಿ ನಾಲ್ಕು ಜನ ಏನೆಂದುಕೊಳ್ಳುತ್ತಾರೋ ಎಂದು ನ್ಯೂನತೆ ಬರೆಸದೆ ಬಿಡುವ ಮನೆಗಳುಂಟು. ಆ ಮುಚ್ಚುಮರೆಯ ನಷ್ಟ ಮಗುವಿಗೇ.

ಹೆಜ್ಜೆ 3: ಹಣ ಎಲ್ಲೆಲ್ಲಿದೆ?

ದೊಡ್ಡ ಮೂಲ ಸಮಗ್ರ ಶಿಕ್ಷಣ ಅಭಿಯಾನ. 2018–19ರಿಂದ ಇದು ಹನ್ನೆರಡನೇ ತರಗತಿವರೆಗೂ ಹಬ್ಬಿದೆ. ವಿಶೇಷ ಅಗತ್ಯವುಳ್ಳ ಮಗುವೊಂದಕ್ಕೆ ವರ್ಷಕ್ಕೆ 3500 ರೂಪಾಯಿವರೆಗಿನ ಲೆಕ್ಕದಲ್ಲಿ ಯೋಜನೆ ತಯಾರಾಗುತ್ತದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಪ್ರೋತ್ಸಾಹ ಧನ ಬೇರೆ. 3500 ನಿಮ್ಮ ಕೈಗೆ ಬರುವ ನಗದಲ್ಲ. ವೈದ್ಯಕೀಯ ಶಿಬಿರ, ಸಾಧನ, ಬ್ರೈಲ್ ಪುಸ್ತಕ, ಕಲಿಕಾ ಸಾಮಗ್ರಿ, ಸಾರಿಗೆ ಮತ್ತು ಬೆಂಗಾವಲು ಭತ್ಯೆ ಎಲ್ಲಕ್ಕೂ ಒಟ್ಟಾಗಿ ಹೋಗುವ ಹಣ. ಅಡಿಬರಹದ ಪಾಠ, ಧ್ವನಿ ಪುಸ್ತಕ, ಅದನ್ನು ನೋಡುವ ಕೇಳುವ ಟ್ಯಾಬ್ ಇವೆಲ್ಲ ‘ಕಲಿಕಾ ಸಾಮಗ್ರಿ’, ‘ಸಾಧನ ಸಲಕರಣೆ’ ಎಂಬ ತಲೆಬರಹದಡಿ ಕೇಳಬೇಕಾದವು. ಕೇಳಬೇಕಾದ ಜಾಗ ಸಕಲೇಶಪುರದ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ. ಅಲ್ಲಿ ಈ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರನ್ನು ಬಿಐಇಆರ್‌ಟಿ ಎನ್ನುತ್ತಾರೆ. ಅವರ ಫೋನ್ ನಂಬರ್ ನಿಮ್ಮ ಬಳಿ ಇರಲಿ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠದ ವ್ಯವಸ್ಥೆಯೂ ಅವರ ಮೂಲಕವೇ.

ಸಾಧನಕ್ಕೆ ಕೇಂದ್ರದ ಎಡಿಐಪಿ ಯೋಜನೆ ಇದೆ. ಶ್ರವಣ ಸಾಧನ, ಬ್ರೈಲ್ ಕಿಟ್, ಧ್ವನಿ ಪುಸ್ತಕ ಕೇಳಿಸುವ ಡೈಸಿ ಪ್ಲೇಯರ್, ಅಂಧರಿಗೆ ಮಾತಾಡುವ ಸ್ಮಾರ್ಟ್‌ಫೋನ್ ಇದರಲ್ಲಿ ಬರುತ್ತವೆ. ಮನೆಯ ತಿಂಗಳ ಆದಾಯ 22,500 ರೂಪಾಯಿವರೆಗೆ ಇದ್ದರೆ ಪೂರ್ತಿ ಉಚಿತ, 30,000ದವರೆಗೆ ಅರ್ಧ ಬೆಲೆ. ಆದಾಯ ಪ್ರಮಾಣಪತ್ರಕ್ಕೆ ಹಾನುಬಾಳಿನ ನಾಡಕಚೇರಿ ಸಾಕು, ತಾಲ್ಲೂಕು ಕಚೇರಿಗೆ ಅಲೆಯಬೇಕಿಲ್ಲ.

ಮೂರನೆಯದು ಹೆಚ್ಚಿನವರಿಗೆ ಗೊತ್ತಿಲ್ಲದ್ದು. ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದ ಶೇ 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ವರ್ಷದ ಕೊನೆಯಲ್ಲಿ ಯಾವುದೋ ಸಾಮಾನು ಹಂಚಿ ಮುಗಿಸುವ ಬದಲು ಶಾಲೆಗೋ ಊರಿನ ಅರಿವು ಕೇಂದ್ರಕ್ಕೋ ಹೆಡ್‌ಫೋನ್, ಪೆನ್‌ಡ್ರೈವ್, ಒಂದು ಟ್ಯಾಬ್ ಕೊಳ್ಳಬಹುದಲ್ಲ? ಅಂಗವಿಕಲರ ಗ್ರಾಮಸಭೆಯಲ್ಲಿ, ಮಕ್ಕಳ ಗ್ರಾಮಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನ ಭರವಸೆ ಪಿಡಿಒ ವರ್ಗವಾದ ದಿನವೇ ಹೋಗಿಬಿಡುತ್ತದೆ.

ಒಂಬತ್ತು, ಹತ್ತನೇ ತರಗತಿಯವರಿಗೆ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವೂ ಉಂಟು: ಮನೆಯಿಂದ ಹೋಗಿ ಬರುವವರಿಗೆ ತಿಂಗಳಿಗೆ 500, ಪುಸ್ತಕಕ್ಕೆ ವರ್ಷಕ್ಕೆ 1000, ಜೊತೆಗೆ ಅಂಗವೈಕಲ್ಯ ಭತ್ಯೆ. ಇದು ಬ್ಯಾಂಕ್ ಖಾತೆಗೇ ಬರುವುದರಿಂದ ಇಂಟರ್‌ನೆಟ್ ಖರ್ಚಿಗೆ ಇದನ್ನು ಬಳಸಿಕೊಳ್ಳಿ.

ಹೆಜ್ಜೆ 4: ಅರ್ಜಿ ಹೀಗಿರಲಿ

ಮುಂದಿನ ವರ್ಷದ ವಾರ್ಷಿಕ ಯೋಜನೆ ಈ ಆರ್ಥಿಕ ವರ್ಷದ ಕೊನೆಯ ತಿಂಗಳುಗಳಲ್ಲೇ ತಯಾರಾಗುತ್ತದೆ. ಅರೇಬಿಕಾ ಕೊಯ್ಲು ಶುರುವಾದರೆ ತೋಟದಿಂದ ಯಾರಿಗೂ ಬಿಡುವಿಲ್ಲ. ಆದ್ದರಿಂದ ದೀಪಾವಳಿಯೊಳಗೆ ಅರ್ಜಿ ಕೊಟ್ಟುಬಿಡಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ನಿರ್ಣಯದ ಪ್ರತಿ ಜೊತೆಗಿದ್ದರೆ ತೂಕ ಹೆಚ್ಚು. ಒಕ್ಕಣೆ ಉದ್ದ ಬೇಡ:

‘ಕ್ಷೇತ್ರ ಸಮನ್ವಯಾಧಿಕಾರಿಗಳು, ಕ್ಷೇತ್ರ ಸಂಪನ್ಮೂಲ ಕೇಂದ್ರ, ಸಕಲೇಶಪುರ ಇವರಿಗೆ. ನನ್ನ ಮಗಳು … ತರಗತಿಯಲ್ಲಿ ಓದುತ್ತಿದ್ದು, ಶೇ … ಶ್ರವಣದೋಷ ಹೊಂದಿರುತ್ತಾಳೆ (ಯುಡಿಐಡಿ ಸಂಖ್ಯೆ …, ಸ್ಯಾಟ್ಸ್ ಸಂಖ್ಯೆ …). ತರಗತಿಯಲ್ಲಿ ತೋರಿಸುವ ವಿಡಿಯೊ ಪಾಠಗಳು ಆಕೆಗೆ ಅರ್ಥವಾಗುತ್ತಿಲ್ಲ. ವಿಜ್ಞಾನ ಮತ್ತು ಗಣಿತ ಪಾಠಗಳನ್ನು ಕನ್ನಡ ಅಡಿಬರಹದೊಂದಿಗೆ ಒದಗಿಸಲು, ಅವನ್ನು ನೋಡಲು ಟ್ಯಾಬ್ ಕೊಡಿಸಲು, ಇದನ್ನು ಆಕೆಯ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿಯೂ ಮುಂದಿನ ಸಾಲಿನ ವಾರ್ಷಿಕ ಯೋಜನೆಯಲ್ಲಿಯೂ ಸೇರಿಸಲು ಕೋರುತ್ತೇನೆ. 2016ರ ಕಾಯ್ದೆಯ ಸೆಕ್ಷನ್ 17 ಮತ್ತು 42ನ್ನು ಗಮನಿಸಬೇಕಾಗಿ ವಿನಂತಿ.’

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡೇ ಬನ್ನಿ.

ಹೆಜ್ಜೆ 5: ಹಣ ಬರುವವರೆಗೆ ಕಾಯಬೇಡಿ

ಸರ್ಕಾರ ಈಗಾಗಲೇ ದುಡ್ಡು ಹಾಕಿ ಮಾಡಿಸಿದ್ದು ಸಾಕಷ್ಟಿದೆ. ಸಂಜ್ಞಾ ಭಾಷೆಗೆಂದೇ ಕೇಂದ್ರದ ಪಾಠದ ಟಿ.ವಿ. ಸರಣಿ ಪಿಎಂ ಇ-ವಿದ್ಯಾದ 31ನೇ ಚಾನೆಲ್ 2024ರ ಡಿಸೆಂಬರ್ 6ರಂದು ಶುರುವಾಗಿದೆ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ವಿಡಿಯೊ ನಿಘಂಟು ಮಾಡಿದೆ. ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಸಂಜ್ಞಾ ಭಾಷೆಗೆ ತರಲು ಆ ಕೇಂದ್ರದೊಡನೆ 2020ರ ಅಕ್ಟೋಬರ್‌ನಲ್ಲಿ ಒಪ್ಪಂದವಾಗಿದೆ. ನಮ್ಮ ಪ್ರೌಢಶಾಲೆಯ ವಿಜ್ಞಾನ, ಗಣಿತ ಎನ್‌ಸಿಇಆರ್‌ಟಿಯನ್ನೇ ಆಧರಿಸಿರುವುದರಿಂದ ಆ ಪಾಠಗಳು ಇಲ್ಲೂ ಉಪಯೋಗಕ್ಕೆ ಬರುತ್ತವೆ. ಅಧ್ಯಾಯದ ಹೆಸರು ಹೋಲಿಸಿ ನೋಡಿಕೊಳ್ಳಿ. ಸಂಜ್ಞಾ ಭಾಷೆಯೇ ಗೊತ್ತಿಲ್ಲದ ಮಗುವಿಗೆ ಮಾತ್ರ ಈ ಚಾನೆಲ್ ಹಾಕಿ ಕೂರಿಸಿದರೆ ಪ್ರಯೋಜನವಿಲ್ಲ. ಮನೆಯವರೂ ಜೊತೆಗೆ ಕೂತು ನಿಘಂಟಿನಿಂದ ದಿನಕ್ಕೆ ನಾಲ್ಕು ಪದ ಕಲಿಯಬೇಕು.

ಕಾಣದ ಮಕ್ಕಳಿಗೆ 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವಿದೆ. ಕನ್ನಡ ಧ್ವನಿ ಪುಸ್ತಕಗಳಿಗೆ ಬೆಂಗಳೂರಿನ ಮಿತ್ರ ಜ್ಯೋತಿಯನ್ನು ಕೇಳಿ. 1990ರಲ್ಲಿ ಮಧು ಸಿಂಘಾಲ್ ಕಟ್ಟಿದ ಸಂಸ್ಥೆ ಅದು, ಅವರಿಗೂ ದೃಷ್ಟಿ ಇಲ್ಲ. ಬ್ರೈಲ್ ಪಠ್ಯಕ್ಕೆ ಮೈಸೂರಿನ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ, ಶಾಲೆಯ ಮೂಲಕ ಬೇಡಿಕೆ ಹೋಗಬೇಕು.

ಕನ್ನಡ ಪಾಠದ ವಿಡಿಯೊಗಳಲ್ಲಿ ಅಡಿಬರಹ, ವಿವರಣೆ ಸಿದ್ಧವಾಗಿ ಸಿಗುವುದು ಅಪರೂಪ. ಅದನ್ನು ಶಾಲೆಯಲ್ಲೇ ಮಾಡಿಕೊಳ್ಳಬಹುದು. ಆಂಡ್ರಾಯ್ಡ್ ಫೋನಿನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಮೇಷ್ಟ್ರು ಆಡಿದ ಕನ್ನಡವನ್ನು ಅಕ್ಷರವಾಗಿಸುತ್ತದೆ. ತಪ್ಪುಗಳಿರುತ್ತವೆ, ನಮ್ಮ ಕಡೆಯ ಮಾತಿನ ಧಾಟಿ ಅದಕ್ಕೆ ಎಲ್ಲ ಸಲ ಹಿಡಿಯುವುದಿಲ್ಲ. ಕುಳಿತು ತಿದ್ದಿದರೆ ಅದೇ ಅಡಿಬರಹ. ವಿವರಣೆ ಇನ್ನೂ ಸುಲಭ: ಹತ್ತನೇ ತರಗತಿಯ ಮಕ್ಕಳಿಂದ ವಿಡಿಯೊ ನಿಲ್ಲಿಸಿ ನಿಲ್ಲಿಸಿ ಚಿತ್ರದ ವಿವರಣೆ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಸಿ. ಹೇಳಿದ ಮಕ್ಕಳಿಗೂ ಪಾಠ ಮರೆಯುವುದಿಲ್ಲ. ಬೇರೆಯವರ ವಿಡಿಯೊ ಎಂದು ಶಿಕ್ಷಕರು ಅಂಜಬೇಕಿಲ್ಲ. ಅಂಗವಿಕಲರ ಬಳಕೆಗೆ ಲಾಭದ ಉದ್ದೇಶವಿಲ್ಲದೆ ಇಂಥ ರೂಪ ಮಾಡಿಕೊಳ್ಳಲು ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಅವಕಾಶ ಕೊಟ್ಟಿದೆ.

ಇನ್ನು ಮಳೆಗಾಲ. ಜೋರು ಮಳೆಯಲ್ಲಿ ಡಿಶ್ ಕೈಕೊಡುತ್ತದೆ, ಕರೆಂಟು ಹೋದರೆ ಟವರೂ ಹೋಗುತ್ತದೆ. ಜೂನ್ ಬರುವ ಮೊದಲೇ ಬೇಕಾದ ಪಾಠಗಳನ್ನು ಮೆಮೊರಿ ಕಾರ್ಡಿಗೆ ಇಳಿಸಿಕೊಳ್ಳಿ. ಅರ್ಜಿಯಲ್ಲಿ ಟಿ.ವಿ. ಬದಲು ಟ್ಯಾಬ್ ಕೇಳಿ ಎನ್ನುವುದು ಇದಕ್ಕೇ.

ಹೆಜ್ಜೆ 6: ‘ಇಲ್ಲ’ ಎಂದರೆ

‘ಇಲ್ಲ’ ಎನ್ನುವುದನ್ನು ಬರೆದು ಕೊಡಲು ಕೇಳಿ. ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, ಉತ್ತರಕ್ಕೆ 30 ದಿನದ ಗಡುವು. ಪ್ರಶ್ನೆ ನೇರವಾಗಿರಲಿ: ಈ ಸಾಲಿನಲ್ಲಿ ತಾಲ್ಲೂಕಿನ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಮಂಜೂರಾದ ಹಣವೆಷ್ಟು, ಕಲಿಕಾ ಸಾಮಗ್ರಿಗೆ ಖರ್ಚಾದದ್ದೆಷ್ಟು, ನನ್ನ ಅರ್ಜಿ ಯಾರ ಮೇಜಿನಲ್ಲಿದೆ? ಪಂಚಾಯಿತಿಗಾದರೆ ಶೇ 5ರ ಹಣದ ವಿವರ ಕೇಳಿ. ಅದಕ್ಕೂ ಬಗ್ಗದಿದ್ದರೆ ಹಾಸನದಲ್ಲಿರುವ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ, ಕೊನೆಗೆ ಬೆಂಗಳೂರಿನ ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ರಾಜ್ಯ ಆಯುಕ್ತರು. ಆಯುಕ್ತರಿಗೆ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಸೀಲು ಬಿದ್ದ ಅರ್ಜಿಯ ಪ್ರತಿ, ಎಸ್‌ಡಿಎಂಸಿ ನಿರ್ಣಯ, ಮಾಹಿತಿ ಹಕ್ಕಿನ ಉತ್ತರ ಈ ಮೂರರ ಜೆರಾಕ್ಸ್ ಲಗತ್ತಿಸಿ, ಮೂಲಪ್ರತಿಗಳನ್ನು ಮನೆಯಲ್ಲೇ ಇಟ್ಟುಕೊಳ್ಳಿ.