ಮುಕ್ತ ತಂತ್ರಾಂಶ: ಗಿರಣಿಯ ಲೆಕ್ಕ, ಮಗ್ಗದ ಲೆಕ್ಕ

ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಾಗಲಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರದಲ್ಲಾಗಲಿ ಗಣಕಯಂತ್ರವು ಇಂದು ತಕ್ಕಡಿಯಷ್ಟೇ ಅನಿವಾರ್ಯವಾಗಿದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಕೈಬರಹದ ರೋಕಡಿ ಪುಸ್ತಕವೊಂದನ್ನೇ ನಂಬಿ ವ್ಯವಹಾರ ನಡೆಸುವುದು ದುಸ್ತರವಾಯಿತು. ಆದರೆ ಯಂತ್ರವನ್ನು ಬಿಲ್ಲು ಪಡೆದು ಕೊಳ್ಳುವ ವರ್ತಕರಲ್ಲಿ ಅನೇಕರು ಅದರೊಳಗಿನ ತಂತ್ರಾಂಶದ ಬಿಲ್ಲನ್ನು ಕೇಳುವುದಿಲ್ಲ. ಪರಿಚಯದವರು ಹಾಕಿಕೊಟ್ಟ ಪ್ರತಿಯೇ ವರ್ಷಗಟ್ಟಲೆ ನಡೆಯುತ್ತದೆ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಅನಧಿಕೃತ ಪ್ರತಿಯೆಂದು ತಿಳಿದೂ ಗಣಕಯಂತ್ರದಲ್ಲಿ ಬಳಸುವವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಈ ಭಯವಿಲ್ಲದೆ ಕಡಿಮೆ ವೆಚ್ಚದಲ್ಲಿ ಕೆಲಸ ಸಾಗಿಸುವ ದಾರಿಯೊಂದು ಮುಕ್ತ ತಂತ್ರಾಂಶ.

ಗಿರಣಿಯ ಯಂತ್ರದ ಮುಚ್ಚಳಕ್ಕೆ ತಯಾರಕನು ಮೊಹರು ಹಾಕಿ, ತನ್ನ ಕೆಲಸಗಾರನ ಹೊರತು ಯಾರೂ ಬಿಚ್ಚಕೂಡದೆಂದು ಕರಾರು ಮಾಡಿದರೆ ಹೇಗಿರುತ್ತದೆಯೋ, ಸ್ವಾಮ್ಯದ ತಂತ್ರಾಂಶ ಹಾಗಿರುತ್ತದೆ. ಮುಕ್ತ ತಂತ್ರಾಂಶದ ಒಳರಚನೆಯಾದ ಆಕರ ಸಂಕೇತವು ಬಳಕೆದಾರನಿಗೂ ದೊರೆಯುತ್ತದೆ. ಅದನ್ನು ಬಳಸಲು, ಪರಿಶೀಲಿಸಲು, ತಿದ್ದಲು, ಇತರರಿಗೆ ಹಂಚಲು ಪರವಾನಗಿಯೇ ಅನುಮತಿ ನೀಡುತ್ತದೆ. ಊರಿನ ಯಾವ ಫಿಟ್ಟರ್ ಬೇಕಾದರೂ ರಿಪೇರಿ ಮಾಡಬಹುದು. ಆದರೆ ಫಿಟ್ಟರನ ಕೂಲಿಯನ್ನು ಕೊಡಲೇಬೇಕು. ಈ ಕೂಲಿಯ ಬಾಬನ್ನು ಮರೆತು 'ಪುಕ್ಕಟೆ'ಯೆಂದು ಆರಂಭಿಸಿದವರು ಮಧ್ಯದಲ್ಲಿಯೇ ಕೈಬಿಡುತ್ತಾರೆ.

ಪತ್ರವ್ಯವಹಾರ, ದರಪಟ್ಟಿ, ಕೋಷ್ಟಕಗಳಿಗೆ 2010ರಲ್ಲಿ ಆರಂಭವಾದ ಲಿಬ್ರೆ ಆಫೀಸ್ ಸಾಕಾಗುತ್ತದೆ. ಅದರ ಕನ್ನಡ ಆವೃತ್ತಿಯೂ ಇದೆ. ನುಡಿ ಅಥವಾ ಬರಹದ ಹಳೆಯ ಅಕ್ಷರ ವಿನ್ಯಾಸದಲ್ಲಿ ಸಿದ್ಧಪಡಿಸಿದ ಕಡತಗಳನ್ನು ಮಾತ್ರ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಸರ್ಕಾರಿ ನಮೂನೆಗಳಲ್ಲಿ ಕೆಲವು ಎಕ್ಸೆಲ್ ಮ್ಯಾಕ್ರೋಗಳನ್ನೇ ಅವಲಂಬಿಸಿರುವುದರಿಂದ ಕಚೇರಿಯಲ್ಲಿ ಪರವಾನಗಿಯುಳ್ಳ ವಿಂಡೋಸ್ ಯಂತ್ರವೊಂದನ್ನು ಉಳಿಸಿಕೊಳ್ಳುವುದು ವಿವೇಕ.

ಲೆಕ್ಕಪತ್ರದ ವಿಷಯದಲ್ಲಿ ಇಷ್ಟು ಸುಲಭವಾಗಿ ತೀರ್ಮಾನಿಸಲಾಗದು. ಕೇಂದ್ರ ಜಿಎಸ್‌ಟಿ ನಿಯಮ 56(8)ರ ಪ್ರಕಾರ, ಲೆಕ್ಕವನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ನೋಂದಾಯಿತ ವರ್ತಕನು ತಿದ್ದಿದ ಅಥವಾ ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆಯನ್ನೂ ಇಡಬೇಕು. ಖಾಸಗಿ ಕಂಪನಿಯಾಗಿದ್ದರೆ, 2023ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ, ನಿಲ್ಲಿಸಲಾಗದ ತಿದ್ದುಪಡಿ ದಾಖಲೆಯುಳ್ಳ ತಂತ್ರಾಂಶವನ್ನೇ ಬಳಸಬೇಕು. ಜಿಎಸ್‌ಟಿ ಲೆಕ್ಕಪುಸ್ತಕಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಇನ್ನು ನೂ ಕ್ಯಾಶ್ ಎಂಬ ಮುಕ್ತ ತಂತ್ರಾಂಶವನ್ನು ನೋಡಿ: ಜೋಡಿ ನಮೂದು ಪದ್ಧತಿಯನ್ನು ಶುದ್ಧವಾಗಿ ಪಾಲಿಸುತ್ತದೆ, ಕಲಿಯುವುದೂ ಸುಲಭ. ಆದರೆ ಯಾರು ತಿದ್ದಿದರೆಂದು ಹೇಳುವ ಬಳಕೆದಾರ ವ್ಯವಸ್ಥೆ ಅದರಲ್ಲಿಲ್ಲ. ಅದು ಬರೆಯುವ ಲಾಗ್ ಕಡತಗಳೂ, ಸೆಟ್ಟಿಂಗ್ ಬದಲಿಸದಿದ್ದರೆ, 30 ದಿನಗಳ ನಂತರ ಅಳಿಸಿಹೋಗುತ್ತವೆ. ಮನೆಯ ಲೆಕ್ಕಕ್ಕೆ ಅದು ಯೋಗ್ಯ. ನೋಂದಾಯಿತ ವ್ಯಾಪಾರಕ್ಕೆ ಅದೊಂದನ್ನೇ ನಂಬುವುದು ಅಪಾಯಕರ.

ಮುಂಬಯಿಯ ಫ್ರಾಪ್ಪೆ ಸಂಸ್ಥೆಯ ಇಆರ್‌ಪಿ ನೆಕ್ಸ್ಟ್ ಇದಕ್ಕಿಂತ ದೊಡ್ಡ ವ್ಯವಸ್ಥೆ. ಇಂಡಿಯಾ ಕಂಪ್ಲಯನ್ಸ್ ಎಂಬ ಮುಕ್ತ ಜೋಡಣೆಯೊಂದಿಗೆ ಜಿಎಸ್‌ಟಿ ಬಿಲ್ಲು, ಇ-ವೇ ಬಿಲ್ಲುಗಳನ್ನೂ ತಿದ್ದುಪಡಿ ದಾಖಲೆಯನ್ನೂ ಅದು ನಿರ್ವಹಿಸುತ್ತದೆ. ಮೊಳಕಾಲ್ಮೂರಿನ ವರ್ತಕನು ಪಕ್ಕದ ರಾಯದುರ್ಗದ ಅಂಗಡಿಗೆ ಸೀರೆ ಕಳುಹಿಸಿದರೆ ಅದು ಅಂತರರಾಜ್ಯ ಮಾರಾಟ; ಗಿರಾಕಿಯ ರಾಜ್ಯವನ್ನು ನೋಡಿ ತೆರಿಗೆಯ ಬಗೆಯನ್ನು ತಂತ್ರಾಂಶವೇ ಬದಲಿಸುತ್ತದೆ. ಅದರ ನಿಜವಾದ ಉಪಯೋಗ ಮಾತ್ರ ದಾಸ್ತಾನಿನ ಲೆಕ್ಕದಲ್ಲಿದೆ. ವರ್ತಕನು ಹಾಸು, ಹೊಕ್ಕು, ಜರಿಗಳನ್ನು ತೂಕದಲ್ಲಿ ನೇಕಾರನ ಮನೆಗೆ ಕೊಡುತ್ತಾನೆ. ಮರಳಿ ಬರುವುದು ಎಣಿಕೆಯ ಸೀರೆ. ನಡುವೆ ನೂಲು ಎಷ್ಟು ಸವೆಯಿತು, ಮಗ್ಗದ ಮೇಲೆ ಎಷ್ಟು ಉಳಿಯಿತು ಎಂಬುದರ ಮೇಲೆಯೇ ವರ್ತಕ ಮತ್ತು ನೇಕಾರರ ಮನಸ್ತಾಪಗಳೆಲ್ಲ ಹುಟ್ಟುವುದು. ಜಾಬ್ ವರ್ಕ್ ವಿಭಾಗದಲ್ಲಿ ಪ್ರತಿ ನೇಕಾರನ ಮನೆಯನ್ನೂ ಒಂದು ಉಗ್ರಾಣವೆಂದು ನಮೂದಿಸಿದರೆ, ಗ್ರಾಂ ಲೆಕ್ಕದಲ್ಲಿ ಬಾಕಿಯು ಇಬ್ಬರಿಗೂ ಕಾಣಸಿಗುತ್ತದೆ. ಜಾಬ್ ವರ್ಕಿಗೆ ಕೊಟ್ಟ ಕಚ್ಚಾ ಮಾಲು ಒಂದು ವರ್ಷದೊಳಗೆ ಮರಳದಿದ್ದರೆ, ಕಳುಹಿಸಿದ ದಿನವೇ ಪೂರೈಕೆಯಾದಂತೆ ಪರಿಗಣಿಸಿ ತೆರಿಗೆ ಕೇಳುವ 143ನೆಯ ಕಲಮಿಗೂ ಈ ಬಾಕಿ ಪಟ್ಟಿಯೇ ಉತ್ತರ. ಚಳ್ಳಕೆರೆಯ ಗಿರಣಿಯಲ್ಲಿ ಸಮಸ್ಯೆ ತಿರುವುಮುರುವು: ಒಳಬರುವುದು ಶೇಂಗಾ ಒಂದೇ, ಹೊರಬರುವುದು ಎಣ್ಣೆ, ಹಿಂಡಿ, ಸಿಪ್ಪೆ. ಎಣ್ಣೆಯ ವರ್ಗೀಕರಣ ಸಂಖ್ಯೆ 1508, ಹಿಂಡಿಯದು 2305. ಉಪೋತ್ಪನ್ನಗಳನ್ನು ಬೇರೆಯಾಗಿ ನಮೂದಿಸದಿದ್ದರೆ ಎಣ್ಣೆಯ ನಿಜವಾದ ಅಸಲು ತಿಳಿಯದು.

ಪುಕ್ಕಟೆ ಹಂಚುವವರು ಬದುಕುವುದು ಹೇಗೆಂಬ ಪ್ರಶ್ನೆ ಸಹಜ. ರೆಡ್ ಹ್ಯಾಟ್ ಸಂಸ್ಥೆಯು ಲಿನಕ್ಸ್ ಆಧಾರಿತ ವ್ಯವಸ್ಥೆಗೆ ವಾರ್ಷಿಕ ಸೇವಾ ಚಂದಾ ಪಡೆದೇ ಬೆಳೆಯಿತು. 2019ರಲ್ಲಿ ಐಬಿಎಂ ಅದನ್ನು 3,400 ಕೋಟಿ ಡಾಲರಿಗೆ ಕೊಂಡಿತು. ಫ್ರಾಪ್ಪೆ ತಂತ್ರಾಂಶವನ್ನು ಮುಕ್ತವಾಗಿ ನೀಡಿ, ಅದನ್ನು ತನ್ನ ಸರ್ವರಿನಲ್ಲಿ ನಡೆಸಿಕೊಡುವುದಕ್ಕೆ ಬಾಡಿಗೆ ಪಡೆಯುತ್ತದೆ. ಓಡೂ ಸಂಸ್ಥೆಯು ಮೂಲ ಭಾಗವನ್ನು ಮುಕ್ತವಾಗಿರಿಸಿ, ಹೆಚ್ಚಿನ ಸೌಲಭ್ಯಗಳಿಗೆ ಶುಲ್ಕ ವಿಧಿಸುತ್ತದೆ. ಈ ಕೊನೆಯ ಮಾದರಿಯಲ್ಲಿ, ಬೇಕಾದ ಸೌಲಭ್ಯವು ಯಾವ ಭಾಗದಲ್ಲಿದೆಯೆಂದು ಕೊಳ್ಳುವವನು ಮೊದಲೇ ವಿಚಾರಿಸಬೇಕು.

ತಾಲ್ಲೂಕು ಮಟ್ಟದಲ್ಲಿ ಇದೇ ವೃತ್ತಿಯನ್ನು ಹಿಡಿಯುವ ಪದವೀಧರನ ಲೆಕ್ಕವನ್ನು ಉದಾಹರಣೆಗಾಗಿ ನೋಡಬಹುದು. 20 ಗಿರಾಕಿಗಳು, ತಲಾ ವಾರ್ಷಿಕ ಸೇವಾ ಶುಲ್ಕ 12,000 ರೂಪಾಯಿಯಂತೆ ಆದಾಯ 2,40,000. ಒಬ್ಬ ಸಹಾಯಕನ ಸಂಬಳ ತಿಂಗಳಿಗೆ 15,000ದಂತೆ 1,80,000. ಓಡಾಟ, ಇಂಟರ್ನೆಟ್ ಮುಂತಾದುವು 42,000. ಉಳಿಯುವುದು 18,000, ಅಂದರೆ ತಿಂಗಳಿಗೆ 1,500 ರೂಪಾಯಿ. ಬರಿಯ ನಿರ್ವಹಣೆಯಿಂದ ಹೊಟ್ಟೆ ತುಂಬದು. ಆದರೆ ನೂಲಿನ ಲೆಕ್ಕಕ್ಕೆ ಒಬ್ಬ ವರ್ತಕನಿಗಾಗಿ 40 ದಿನ ದುಡಿದು 60,000 ರೂಪಾಯಿಗೆ ವಿಶೇಷ ಜೋಡಣೆಯೊಂದನ್ನು ಸಿದ್ಧಪಡಿಸಿದನೆನ್ನಿ. ಅದನ್ನೇ ಇನ್ನೂ 9 ಮಂದಿಗೆ ತಲಾ 4 ದಿನಗಳಲ್ಲಿ 15,000ದಂತೆ ಅಳವಡಿಸಿದರೆ 36 ದಿನಗಳ ದುಡಿಮೆಗೆ 1,35,000 ಬರುತ್ತದೆ. ಇಆರ್‌ಪಿ ನೆಕ್ಸ್ಟಿನ ಜಿಪಿಎಲ್ ಪರವಾನಗಿಯಂತೆ, ಅದನ್ನು ತಿದ್ದಿ ಕೊಟ್ಟಾಗ ಆಕರ ಸಂಕೇತವನ್ನೂ ಗಿರಾಕಿಗೆ ಒದಗಿಸಬೇಕು. ಆತನು ಅದನ್ನು ಮತ್ತೊಬ್ಬರಿಗೆ ಕೊಟ್ಟರೆ ತಡೆಯಲಾಗದು. ಆದ್ದರಿಂದ 15,000 ರೂಪಾಯಿ ಸಂಕೇತದ ಬೆಲೆಯಲ್ಲ. ಹಳೆಯ ಬಾಕಿಗಳನ್ನು ವರ್ಗಾಯಿಸಿ, ಗುಮಾಸ್ತನಿಗೆ ಕಲಿಸಿಕೊಡುವ ದುಡಿಮೆಯದು. ಸೇವಾ ವಹಿವಾಟು ವರ್ಷಕ್ಕೆ 20 ಲಕ್ಷ ಮೀರದವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನೋಂದಣಿಯಿಲ್ಲದೆ ಬಿಲ್ಲಿನಲ್ಲಿ ತೆರಿಗೆ ಹಾಕುವಂತೆಯೂ ಇಲ್ಲ.

ವರ್ತಕರ ಕಡೆಯಿಂದ ನೋಡಿದರೆ ಮತ್ತೊಂದು ದಾರಿಯೂ ಇದೆ. ಹತ್ತು ಗಿರಣಿಗಳ ಮಾಲೀಕರು ಕೂಡಿ ಒಂದೇ ಜೋಡಣೆ ಮಾಡಿಸಿದರೆ 60,000 ರೂಪಾಯಿಯ ವೆಚ್ಚ ತಲಾ 6,000ಕ್ಕೆ ಇಳಿಯುತ್ತದೆ. ಸ್ವಾಮ್ಯದ ತಂತ್ರಾಂಶದಲ್ಲಿ ಪ್ರತಿ ಗಿರಣಿಗೂ ಪ್ರತ್ಯೇಕ ಪರವಾನಗಿ ಕೊಳ್ಳಬೇಕಾಗುತ್ತಿತ್ತು. ಒಪ್ಪಂದವನ್ನು ಮಾತ್ರ ಬರವಣಿಗೆಯಲ್ಲಿಯೇ ಮಾಡಿಕೊಳ್ಳಬೇಕು. ಮುಖ್ಯ ಪಾಸ್‌ವರ್ಡ್ ಮಾಲೀಕನ ಕೈಯಲ್ಲಿರಬೇಕು, ವಾರಕ್ಕೊಮ್ಮೆ ದತ್ತಾಂಶದ ಪ್ರತಿಯನ್ನು ಅಂಗಡಿಯ ಹೊರಗೆ ಇಡಬೇಕು, ತಂತ್ರಜ್ಞನು ಊರು ಬಿಟ್ಟರೆ ಸಂಕೇತವನ್ನು ಒಪ್ಪಿಸಿ ಹೋಗಬೇಕು.

ಬದಲಾವಣೆಯನ್ನು ಏಪ್ರಿಲ್ 1ರಿಂದ ಆರಂಭಿಸುವುದು ಅನುಕೂಲ. ಮೊದಲ ಮೂರು ತಿಂಗಳು ಹಳೆಯದನ್ನೂ ಹೊಸದನ್ನೂ ಜೊತೆಯಾಗಿ ನಡೆಸಿ, ಪ್ರತಿ ತಿಂಗಳ ಕೊನೆಗೆ ಎರಡರ ತಾಳೆಪಟ್ಟಿಯನ್ನೂ ದಾಸ್ತಾನನ್ನೂ ಹೋಲಿಸಬೇಕು. ವ್ಯತ್ಯಾಸ ಒಂದು ರೂಪಾಯಿಯೇ ಇದ್ದರೂ ಅದರ ಮೂಲ ಸಿಗುವವರೆಗೆ ಹಳೆಯ ಪುಸ್ತಕವನ್ನು ಮುಚ್ಚಬಾರದು.