ಸೈನ್ಯದೊಳಗಿನ ಕಾವಲುಗಾರ

ದೊಡ್ಡ ರೈಲು ನಿಲ್ದಾಣಗಳಲ್ಲಿ, ಅದರಲ್ಲಿಯೂ ಸೈನಿಕರು ಹೆಚ್ಚಾಗಿ ಹತ್ತಿಳಿಯುವ ಕಡೆಗಳಲ್ಲಿ, ಒಬ್ಬ ವಿಶಿಷ್ಟ ಕಾವಲುಗಾರನನ್ನು ನೀವು ಕಂಡಿರಬಹುದು. ಮೈಮೇಲೆ ಸೈನಿಕನ ಉಡುಪು. ತಲೆಯ ಮೇಲೆ ಕೆಂಪು ಟೋಪಿ. ನಡುವಿಗೆ ಬಿಳಿಯ ಪಟ್ಟಿ. ತೋಳಿನ ಮೇಲೆ ‘ಎಂ.ಪಿ.’ ಎಂಬ ಎರಡು ಅಕ್ಷರಗಳು. ರಜೆಯ ಮೇಲೆ ಊರಿಗೆ ಹೊರಟ ಯೋಧನೊಬ್ಬನು ಸಮವಸ್ತ್ರದ ಗುಂಡಿ ಬಿಚ್ಚಿಕೊಂಡು ಅಡ್ಡಾಡುತ್ತಿದ್ದರೆ ಈತನು ಅವನನ್ನು ತಡೆದು ನಿಲ್ಲಿಸುತ್ತಾನೆ. ರಜೆಯ ಚೀಟಿಯನ್ನು ಕೇಳುತ್ತಾನೆ. ಆದರೆ ಟಿಕೇಟಿಲ್ಲದೆ ಪಯಣಿಸಿದ ಸಾಮಾನ್ಯ ಪ್ರಯಾಣಿಕನು ಎದುರಿಗೇ ಹಾದುಹೋದರೂ ಈತನು ಅವನನ್ನು ಪ್ರಶ್ನಿಸುವುದಿಲ್ಲ. ಇದು ಉದಾಸೀನವಲ್ಲ, ಹಾಗೆ ಪ್ರಶ್ನಿಸುವ ಅಧಿಕಾರವೇ ಈತನಿಗಿಲ್ಲ. ಈತನೇ ಸೇನಾ ಪೊಲೀಸ್. ಇವನ ಅಧಿಕಾರವು ಎಲ್ಲಿಂದ ಬಂತು, ಎಲ್ಲಿಯವರೆಗೆ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಈ ಪಾಠದಲ್ಲಿ ವಿಚಾರಮಾಡೋಣ.

ನಾಡನ್ನು ಕಾಯುವ ಸೈನ್ಯಕ್ಕೆ ಮತ್ತೆ ಪೊಲೀಸರು ಏಕೆ ಬೇಕು? ಸೈನಿಕನು ಆಯುಧಪಾಣಿ. ಆಯುಧವನ್ನು ಹಿಡಿದ ಸಾವಿರಾರು ಮಂದಿ ಒಂದೆಡೆ ಸೇರಿದಾಗ ಅವರನ್ನು ಸೈನ್ಯವೆನ್ನುವಂತೆ ಮಾಡುವುದು ಶಿಸ್ತು ಮಾತ್ರ. ಶಿಸ್ತಿಲ್ಲದಿದ್ದರೆ ಅದು ಕೇವಲ ಗುಂಪು. ಈ ಕಾರಣದಿಂದಲೇ ಸೈನಿಕನಿಗೆ ಪ್ರತ್ಯೇಕವಾದ ಕಾನೂನು ಇರುತ್ತದೆ. ಕಚೇರಿಯ ಗುಮಾಸ್ತನು ಹೇಳದೆ ಕೇಳದೆ ಗೈರುಹಾಜರಾದರೆ ಅವನ ಸಂಬಳಕ್ಕೆ ಕತ್ತರಿ ಬೀಳಬಹುದು. ಸೈನಿಕನು ಹಾಗೆ ಮಾಡಿದರೆ ಅದು ಅಪರಾಧ. ಭಾರತದ 1950ರ ಸೇನಾ ಅಧಿನಿಯಮದ ಪ್ರಕಾರ ಅದಕ್ಕೆ 3 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬಹುದು. ಇಂತಹ ಕಾನೂನು ಪಾಲನೆಯಾಗುತ್ತಿದೆಯೇ ಎಂದು ನೋಡಿಕೊಳ್ಳುವವನೇ ಸೇನಾ ಪೊಲೀಸ್. ಯುದ್ಧಕಾಲದಲ್ಲಿ ಅವನ ಹೊಣೆ ಇಮ್ಮಡಿಯಾಗುತ್ತದೆ. ಸೇನಾವಾಹನಗಳ ಸಾಲು ದಾರಿ ತಪ್ಪದಂತೆ ನಡೆಸುವುದು, ದಳದಿಂದ ಅಗಲಿದವರನ್ನು ಮರಳಿ ಸೇರಿಸುವುದು, ಯುದ್ಧಕೈದಿಗಳನ್ನು ಸುರಕ್ಷಿತವಾಗಿ ಹಿಂದಿನ ಶಿಬಿರಗಳಿಗೆ ಸಾಗಿಸುವುದು, ಸೈನಿಕರು ಲೂಟಿಗಿಳಿಯದಂತೆ ತಡೆಯುವುದು ಇವೆಲ್ಲವೂ ಅವನ ಕೆಲಸಗಳೇ.

ಮೊದಲು ನಮ್ಮ ದೇಶದ ವ್ಯವಸ್ಥೆಯನ್ನು ನೋಡೋಣ. ಭಾರತೀಯ ಸೇನೆಯ ಮಿಲಿಟರಿ ಪೊಲೀಸ್ ದಳದ ತರಬೇತಿ ಕೇಂದ್ರವಿರುವುದು ನಮ್ಮ ಬೆಂಗಳೂರಿನಲ್ಲಿ. 2021ರ ಮೇ 8ರಂದು 83 ಮಂದಿ ಮಹಿಳೆಯರು ಇದೇ ಕೇಂದ್ರದಲ್ಲಿ ತರಬೇತಿ ಮುಗಿಸಿ ಈ ದಳದ ಮೊದಲ ಮಹಿಳಾ ಸೈನಿಕರಾದರು. ‘ಸೇವಾ ತಥಾ ಸಹಾಯತಾ’ ಎಂಬುದು ದಳದ ಧ್ಯೇಯವಾಕ್ಯ. ಈ ದಳದ ಅಧಿಕಾರಕ್ಕೆ ಆಧಾರ ಸೇನಾ ಅಧಿನಿಯಮದ 107ನೆಯ ಪ್ರಕರಣ. ಸೇನೆಯ ಪೊಲೀಸ್ ಕಾರ್ಯಕ್ಕೆ ಮುಖ್ಯನಾದವನನ್ನು ‘ಪ್ರೊವೊಸ್ಟ್ ಮಾರ್ಷಲ್’ ಎಂದು ಕರೆಯುತ್ತಾರೆ. ಅಪರಾಧ ಮಾಡಿದ ಅಥವಾ ಅಪರಾಧದ ಆರೋಪಕ್ಕೆ ಗುರಿಯಾದ ಸೈನಿಕನನ್ನು ಅವನು ಯಾವಾಗ ಬೇಕಾದರೂ ದಸ್ತಗಿರಿ ಮಾಡಬಹುದು. ಆದರೆ ಅದೇ ಪ್ರಕರಣವು ಅವನ ಕೈಯನ್ನು ಎರಡು ಕಡೆ ಕಟ್ಟಿಹಾಕುತ್ತದೆ. ಸೇನಾಧಿಕಾರಿಯೊಬ್ಬನನ್ನು ಬಂಧಿಸಬೇಕಾದರೆ ಮತ್ತೊಬ್ಬ ಅಧಿಕಾರಿಯ ಆಜ್ಞೆ ಇರಬೇಕು. ಎರಡನೆಯದಾಗಿ, ಅವನು ತನ್ನ ಸ್ವಂತ ಅಧಿಕಾರದಿಂದ ಯಾರಿಗೂ ಯಾವ ಶಿಕ್ಷೆಯನ್ನೂ ವಿಧಿಸಕೂಡದು. ಹಿಡಿಯುವವನು ಒಬ್ಬ; ವಿಚಾರಿಸಿ ತೀರ್ಪು ಹೇಳುವವರು ಬೇರೆ.

ಹಿಡಿದವನನ್ನು ಮನಬಂದಷ್ಟು ಕಾಲ ಕೂಡಿಹಾಕುವಂತೆಯೂ ಇಲ್ಲ. ಸೈನಿಕನ ಬಂಧನದ ಸುದ್ದಿ ತಲಪಿದ 48 ಗಂಟೆಗಳೊಳಗೆ ಅವನ ಮೇಲಿನ ಆರೋಪದ ವಿಚಾರಣೆಯಾಗುವಂತೆ ನೋಡಿಕೊಳ್ಳುವುದು ಅವನ ಕಮಾಂಡಿಂಗ್ ಅಧಿಕಾರಿಯ ಕರ್ತವ್ಯ; ಸೇವೆಯ ಪರಿಸ್ಥಿತಿಯಿಂದಾಗಿ ಅದು ಅಸಾಧ್ಯವಾದಾಗ ಮಾತ್ರ ವಿನಾಯಿತಿ. ಸೈನ್ಯಕ್ಕೆ ಸೇರದ ವ್ಯಕ್ತಿಯೊಬ್ಬನನ್ನು ಸೈನಿಕನು ಕೊಲೆ ಮಾಡಿದರೆ, ಸಾಧಾರಣ ಸಂದರ್ಭಗಳಲ್ಲಿ ಸೇನಾ ನ್ಯಾಯಾಲಯವು ಅದನ್ನು ವಿಚಾರಿಸುವಂತಿಲ್ಲ. ನಾಡಿನ ಸಾಮಾನ್ಯ ನ್ಯಾಯಾಲಯವೇ ವಿಚಾರಿಸಬೇಕು. ಯುದ್ಧಸೇವೆ, ಪರದೇಶ, ಗಡಿಠಾಣೆ ಇವಷ್ಟೇ ಇದಕ್ಕೆ ಅಪವಾದಗಳು. ನಾಗರಿಕರ ವಿಷಯದಲ್ಲಾದರೋ, ಕಣ್ಣೆದುರಿಗೆ ಜಾಮೀನು ದೊರೆಯದಂತಹ ಗುರುತರ ಅಪರಾಧವೆಸಗಿದವನನ್ನು ಹಿಡಿದು ಪೊಲೀಸರಿಗೆ ಒಪ್ಪಿಸುವ ಹಕ್ಕು ಈ ದೇಶದ ಪ್ರತಿಯೊಬ್ಬ ಪ್ರಜೆಗೂ ಉಂಟು. ಸಾಮಾನ್ಯವಾಗಿ ಸೇನಾ ಪೊಲೀಸನಿಗೂ ಅಷ್ಟೇ ಹಕ್ಕು.

ನಮ್ಮ ಈ ಪದ್ಧತಿಯ ಬೇರು ಬ್ರಿಟನ್ನಿನಲ್ಲಿದೆ. ಅಲ್ಲಿನ ಸೇನಾ ಪೊಲೀಸರಿಗೆ ಅವರ ಟೋಪಿಯಿಂದಾಗಿ ‘ಕೆಂಪು ಟೋಪಿಯವರು’ ಎಂಬ ಅಡ್ಡಹೆಸರೇ ಬಂದಿದೆ. ಅಪರಾಧದ ತನಿಖೆಯಲ್ಲಿ ಮೇಲಧಿಕಾರಿಗಳು ಕೈಹಾಕಿದರೆ ಗತಿಯೇನು ಎಂಬ ಪ್ರಶ್ನೆಗೆ ಅಲ್ಲಿ 2011ರ ಶಾಸನವೊಂದು ಉತ್ತರ ನೀಡಿತು: ತನಿಖೆಯು ಅನುಚಿತ ಹಸ್ತಕ್ಷೇಪಕ್ಕೆ ಒಳಗಾಗದಂತೆ ಕಾಪಾಡುವುದು ಪ್ರೊವೊಸ್ಟ್ ಮಾರ್ಷಲನ ಕಾನೂನುಬದ್ಧ ಕರ್ತವ್ಯವೆಂದು ಅದು ಸಾರಿತು.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಎಲ್ಲೆಯನ್ನು ಇನ್ನೂ ಸ್ಪಷ್ಟವಾಗಿ ಎಳೆದಿದ್ದಾರೆ. ಅಲ್ಲಿನ 1878ರ ಶಾಸನದ ಪ್ರಕಾರ, ಸಂವಿಧಾನವಾಗಲಿ ಸಂಸತ್ತಿನ ಶಾಸನವಾಗಲಿ ಅನುಮತಿಸಿದ ಸಂದರ್ಭಗಳನ್ನು ಬಿಟ್ಟರೆ, ಸೇನೆಯನ್ನು ನಾಗರಿಕರ ಮೇಲೆ ಕಾನೂನು ಜಾರಿಮಾಡಲು ಬಳಸಕೂಡದು. ಇನ್ನೊಂದು ಸಂಗತಿ ನಿಮಗೆ ಅಚ್ಚರಿಯೆನಿಸಬಹುದು. ಶಂಕಿತ ಸೈನಿಕನನ್ನು ಪ್ರಶ್ನಿಸುವ ಮೊದಲು, ಆರೋಪವೇನೆಂಬುದನ್ನೂ ಉತ್ತರಿಸದೆ ಸುಮ್ಮನಿರುವ ಹಕ್ಕು ಅವನಿಗುಂಟೆಂಬುದನ್ನೂ ತಿಳಿಸಬೇಕೆಂದು ಅಲ್ಲಿನ 1950ರ ಸೇನಾ ಸಂಹಿತೆಯೇ ವಿಧಿಸಿತು. ಸಾಮಾನ್ಯ ಪೊಲೀಸರೂ ಹೀಗೆಯೇ ಎಚ್ಚರಿಕೆ ನೀಡಬೇಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟದ್ದು 1966ರಲ್ಲಿ. ಈ ವಿಷಯದಲ್ಲಿ ನಾಗರಿಕನಿಗಿಂತ ಮೊದಲೇ ಸೈನಿಕನಿಗೆ ರಕ್ಷಣೆ ದೊರೆಯಿತು.

ಯುರೋಪಿನ ಕೆಲವು ದೇಶಗಳಲ್ಲಿ ಚಿತ್ರವೇ ಬೇರೆ. ಫ್ರಾನ್ಸಿನ ‘ಜಾಂಡಾರ್ಮರಿ’ ಪಡೆಯವರು ಸೈನಿಕರು. ಆದರೆ ಹಳ್ಳಿಗಳಲ್ಲಿಯೂ ಚಿಕ್ಕ ಪಟ್ಟಣಗಳಲ್ಲಿಯೂ ಜನಸಾಮಾನ್ಯರಿಗೆ ಪೊಲೀಸರು ಅವರೇ. ಸೇನೆಯು ಹೊರದೇಶಕ್ಕೆ ಹೋದಾಗ ಅದರ ಪೊಲೀಸರೂ ಅವರೇ. 2009ರಿಂದ ಈ ಪಡೆಯು, ಸೈನಿಕ ಸ್ಥಾನವನ್ನು ಉಳಿಸಿಕೊಂಡೇ, ಗೃಹಮಂತ್ರಿಯ ಆಡಳಿತಕ್ಕೆ ಒಳಪಟ್ಟಿದೆ. ಇಟಲಿಯಲ್ಲಿ 1814ರಲ್ಲಿ ಹುಟ್ಟಿದ ‘ಕರಬಿನಿಯೇರಿ’ ಪಡೆಯೂ ಇಂತಹದೇ. ನೆದರ್‌ಲ್ಯಾಂಡ್ಸ್ ದೇಶದ ವಿಮಾನ ನಿಲ್ದಾಣದಲ್ಲಿ ಇಳಿಯುವ ಪ್ರಯಾಣಿಕನ ಪಾಸ್‌ಪೋರ್ಟನ್ನು ಪರೀಕ್ಷಿಸುವವರು ಆ ದೇಶದ ಸೇನಾ ಪೊಲೀಸರೇ. ಇಲ್ಲಿ ಸೇನಾ ಪೊಲೀಸನ ಅಧಿಕಾರವು ನಾಗರಿಕರವರೆಗೂ ಚಾಚಿಕೊಂಡಿದೆಯಲ್ಲ, ಅಪಾಯವಿಲ್ಲವೇ ಎಂದು ನೀವು ಕೇಳಬಹುದು. ಅದಕ್ಕೂ ಕಡಿವಾಣವಿದೆ. ನಾಗರಿಕರಿಗೆ ಸಂಬಂಧಿಸಿದ ಅಪರಾಧಗಳನ್ನು ತನಿಖೆ ಮಾಡುವಾಗ ಫ್ರಾನ್ಸಿನ ಜಾಂಡಾರ್ಮನು ಸೇನಾಪತಿಯ ಆಜ್ಞೆಯಂತೆ ನಡೆಯುವುದಿಲ್ಲ. ನಾಡಿನ ಸಾಮಾನ್ಯ ನ್ಯಾಯಾಂಗದ ನಿರ್ದೇಶನದಂತೆ ನಡೆಯುತ್ತಾನೆ.

ಕೆಲವೊಮ್ಮೆ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಬ್ರೆಜಿಲ್ ದೇಶದಲ್ಲಿ ‘ಮಿಲಿಟರಿ ಪೊಲೀಸ್’ ಎಂದರೆ ಬೀದಿಗಳಲ್ಲಿ ಗಸ್ತು ತಿರುಗುವ ರಾಜ್ಯಗಳ ಪೊಲೀಸರು. ಅಲ್ಲಿನ ಸೇನೆಗೆ ತನ್ನದೇ ಆದ ಬೇರೆ ಪೊಲೀಸರಿದ್ದಾರೆ. ಆದುದರಿಂದ ಹೆಸರನ್ನು ನೋಡಿದರೆ ಸಾಲದು. ಅಧಿಕಾರ ಯಾರ ಮೇಲೆ, ಉತ್ತರ ಕೊಡಬೇಕಾದುದು ಯಾರಿಗೆ, ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಈ ಪ್ರಶ್ನೆಗಳನ್ನು ಕೇಳುವವರಿಲ್ಲದಾಗ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ. ಜಪಾನ್ ದೇಶವು ಫ್ರಾನ್ಸಿನ ಮಾದರಿಯನ್ನು ಕಂಡು 1881ರಲ್ಲಿ ‘ಕೆಂಪೇತಾಯ್’ ಎಂಬ ಸೇನಾ ಪೊಲೀಸ್ ಪಡೆಯನ್ನು ಕಟ್ಟಿತು. ಸೈನಿಕರ ಶಿಸ್ತಿಗಾಗಿ ಹುಟ್ಟಿದ ಈ ಪಡೆಯು ಕ್ರಮೇಣ ಪ್ರಜೆಗಳ ಮಾತು, ಬರಹ, ವಿಚಾರಗಳ ಮೇಲೂ ಕಣ್ಣಿಡತೊಡಗಿತು. 1923ರ ಸೆಪ್ಟೆಂಬರ್ 1ರಂದು ಟೋಕಿಯೋ ಪ್ರಾಂತವು ಭೀಕರ ಭೂಕಂಪಕ್ಕೆ ತುತ್ತಾಯಿತು. ಆ ಗೊಂದಲದ ದಿನಗಳಲ್ಲಿಯೇ ಅಮಕಾಸು ಎಂಬ ಕೆಂಪೇತಾಯ್ ಅಧಿಕಾರಿಯು ತನ್ನ ಜನರೊಡನೆ ಒಸುಗಿ ಸಕಾಯೆ ಎಂಬ ಲೇಖಕನನ್ನೂ, ಲೇಖಕಿ ಇತೋ ನೋಯೆಯನ್ನೂ, ಅವರ ಜೊತೆಗಿದ್ದ ಒಸುಗಿಯ ಆರು ವರ್ಷದ ಸೋದರಳಿಯನನ್ನೂ ಹಿಡಿದೊಯ್ದನು. ಆರೋಪಪಟ್ಟಿಯಿಲ್ಲ, ನ್ಯಾಯಾಲಯವಿಲ್ಲ. ಮೂವರನ್ನೂ ಕೊಂದು ಶವಗಳನ್ನು ಬಾವಿಗೆ ಎಸೆಯಲಾಯಿತು. ಸೇನಾ ನ್ಯಾಯಾಲಯವು ಅಮಕಾಸುವಿಗೆ 10 ವರ್ಷಗಳ ಶಿಕ್ಷೆ ವಿಧಿಸಿತಾದರೂ ಮೂರೇ ವರ್ಷಗಳಲ್ಲಿ ಅವನು ಹೊರಬಂದನು. ಮುಂದೆ ಯುದ್ಧಕಾಲದಲ್ಲಿ ಜಪಾನು ಆಕ್ರಮಿಸಿದ ನಾಡುಗಳಲ್ಲೆಲ್ಲ ಈ ಪಡೆಯ ಹೆಸರು ಚಿತ್ರಹಿಂಸೆಗೆ ಪರ್ಯಾಯವಾಯಿತು. 1945ರಲ್ಲಿ, ಜಪಾನಿನ ಸೋಲಿನೊಡನೆ, ಅದನ್ನು ವಿಸರ್ಜಿಸಲಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ಜರ್ಮನಿಯೂ ಇಂತಹ ನೋವನ್ನು ಉಂಡ ದೇಶ. ಹಿಟ್ಲರನ ಕಾಲದ ಸೇನಾ ನ್ಯಾಯಾಲಯಗಳು ತಮ್ಮವರೇ ಆದ ಸಹಸ್ರಾರು ಸೈನಿಕರಿಗೆ ಮರಣದಂಡನೆ ವಿಧಿಸಿದುವು. ಯುದ್ಧಾನಂತರ ಆ ದೇಶವು ಪಾಠ ಕಲಿಯಿತು. ಇಂದು ಅಲ್ಲಿ ‘ಫೆಲ್ಡ್‌ಯೇಗರ್’ ಎಂಬ ಸೇನಾ ಪೊಲೀಸರುಂಟು. ಆದರೆ ಸೈನಿಕನು ಕಳ್ಳತನವನ್ನೋ ಕೊಲೆಯನ್ನೋ ಮಾಡಿದರೆ ಅವನನ್ನು ವಿಚಾರಿಸುವುದು ಸಾಮಾನ್ಯ ನ್ಯಾಯಾಲಯ. ಸೇನಾಪರಾಧಗಳಿಗೆ ಪ್ರತ್ಯೇಕ ನ್ಯಾಯಾಲಯಗಳನ್ನು ಅಲ್ಲಿ ಸ್ಥಾಪಿಸಿಯೇ ಇಲ್ಲ. ಜಪಾನಿನ 1947ರ ಸಂವಿಧಾನವೂ ವಿಶೇಷ ನ್ಯಾಯಾಲಯಗಳನ್ನು ನಿಷೇಧಿಸಿದೆ. ಹೆಚ್ಚು ನೊಂದ ಈ ಎರಡು ದೇಶಗಳು ಎಲ್ಲೆಯನ್ನು ಹೆಚ್ಚು ಬಿಗಿಯಾಗಿ ಎಳೆದುಕೊಂಡಿರುವುದು ಗಮನಾರ್ಹ.

ಹೀಗೆ ದೇಶದಿಂದ ದೇಶಕ್ಕೆ ಸೇನಾ ಪೊಲೀಸನ ವೇಷವೂ ವ್ಯಾಪ್ತಿಯೂ ಬೇರೆ ಬೇರೆ. ಒಂದೆಡೆ ಅವನು ಸೈನಿಕರನ್ನು ಮಾತ್ರ ತಡೆಯಬಲ್ಲ. ಇನ್ನೊಂದೆಡೆ ಎಲ್ಲರನ್ನೂ ತಡೆಯಬಲ್ಲ. ಆದರೆ ಎಲ್ಲಿ ಅವನ ಅಧಿಕಾರವನ್ನು ಕಾನೂನು ಅಳೆದು ಕೊಟ್ಟಿದೆಯೋ, ಹಿಡಿಯುವ ಕೈಯನ್ನು ದಂಡಿಸುವ ಕೈಯಿಂದ ಬೇರೆಯಾಗಿಟ್ಟಿದೆಯೋ, ಅಲ್ಲಿ ಸೈನಿಕನೂ ಪ್ರಜೆಯೂ ನಿಶ್ಚಿಂತೆಯಿಂದಿರಬಲ್ಲರು. ಮುಂದೆ ನಿಮ್ಮಲ್ಲಿ ಕೆಲವರು ಸೇನೆಗೆ ಸೇರಬಹುದು, ಕೆಲವರು ಪೊಲೀಸರಾಗಬಹುದು. ಉಳಿದವರೆಲ್ಲರೂ ಮತದಾರರಂತೂ ಆಗುವಿರಿ. ಯಾರಿಗಾದರೂ ಅಧಿಕಾರವನ್ನು ಕೊಡುವಾಗ ಅದರ ಎಲ್ಲೆ ಎಲ್ಲಿದೆಯೆಂದು ಕೇಳುವುದು ಅವಿಶ್ವಾಸವಲ್ಲ. ಅದು ಪ್ರಜೆಯ ಕರ್ತವ್ಯ.

ಅಭ್ಯಾಸ

1. ಸೈನಿಕರಿಗೆ ಪ್ರತ್ಯೇಕವಾದ ಕಾನೂನು ಏಕೆ ಬೇಕು?
2. ಭಾರತದಲ್ಲಿ ಪ್ರೊವೊಸ್ಟ್ ಮಾರ್ಷಲನ ಅಧಿಕಾರಕ್ಕಿರುವ ಮಿತಿಗಳಾವುವು?
3. ಫ್ರಾನ್ಸಿನ ಜಾಂಡಾರ್ಮರಿಗೂ ಜಪಾನಿನ ಕೆಂಪೇತಾಯ್ ಪಡೆಗೂ ಇರುವ ಮುಖ್ಯ ವ್ಯತ್ಯಾಸವೇನು?
4. ‘ಹಿಡಿಯುವವನು ಒಬ್ಬ, ವಿಚಾರಿಸಿ ತೀರ್ಪು ಹೇಳುವವರು ಬೇರೆ.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.