ಓದಿದ ಪುಸ್ತಕದ ಬಗ್ಗೆ ನೇರವಾಗಿ ನಾಲ್ಕು ಮಾತು: ಹೊಸಬರಿಗೆ ಹಂತ ಹಂತವಾಗಿ

ಜಾಹೀರಾತಿನ ಬಲದಿಂದ ಮಾರಾಟವಾಗುವ ಕನ್ನಡ ಪುಸ್ತಕ ಕಡಿಮೆ. ಹೊಸ ಲೇಖಕರ ಮೊದಲ ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿಯ ಆಸುಪಾಸು. ಆ ಪ್ರತಿಗಳು ಮನೆಮನೆ ಸೇರುವುದು ಯಾರೋ ಒಬ್ಬರು ‘ಇದನ್ನೊಮ್ಮೆ ಓದಿ ನೋಡಿ’ ಎಂದಾಗ. ಹಾಗೆ ಹೇಳುವವರ ಮಾತು ಪುಸ್ತಕ ಬಿಡುಗಡೆಯ ಭಾಷಣದ ಹಾಗಿದ್ದರೆ, ಅದನ್ನು ನಂಬಿ ದುಡ್ಡು ಕೊಟ್ಟವರು ಮುಂದಿನ ಸಲ ಯಾರ ಮಾತಿಗೂ ಕಿವಿಗೊಡುವುದಿಲ್ಲ. ಅದಕ್ಕೇ ವಿಮರ್ಶಕರಲ್ಲದ ನಮ್ಮಂಥ ಓದುಗರು ಬರೆಯಬೇಕು, ಅನ್ನಿಸಿದ್ದನ್ನು ಅನ್ನಿಸಿದ ಹಾಗೆಯೇ ಬರೆಯಬೇಕು. ಇದಕ್ಕೆ ಕಾವ್ಯಮೀಮಾಂಸೆ ಓದಿರಬೇಕಾಗಿಲ್ಲ. ರೂಢಿ ಮಾಡಿಕೊಂಡರೆ ಸಾಕು.

ಹಂತ 1: ಒಂದಕ್ಕೊಂದು ಹೋಲದ ಪುಸ್ತಕಗಳನ್ನು ಆರಿಸಿಕೊಳ್ಳಿ

ಒಬ್ಬರೇ ಲೇಖಕರ ಅಥವಾ ಒಂದೇ ಬಗೆಯ ಪುಸ್ತಕ ಹಿಡಿದು ಕೂತರೆ ನಿಮ್ಮ ಬಳಿ ಒಂದೇ ಅಳತೆಗೋಲು ಉಳಿಯುತ್ತದೆ. ಶುರುವಿಗೆ ನಾನು ಹೇಳುವ ಪಟ್ಟಿ ಇದು: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980), ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, ದೇವನೂರ ಮಹಾದೇವರ ‘ಕುಸುಮಬಾಲೆ’, ಎಸ್.ಎಲ್. ಭೈರಪ್ಪನವರ ‘ಪರ್ವ’ (1979), ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಇವುಗಳ ಜೊತೆಗೆ, ಹೆಸರೇ ಕೇಳಿರದ ಹೊಸಬರದೊಂದು ಕಥಾಸಂಕಲನ ಇರಲಿ. ಎಲ್ಲವನ್ನೂ ಕೊಳ್ಳಬೇಕೆಂದಿಲ್ಲ. ಸಾರ್ವಜನಿಕ ಗ್ರಂಥಾಲಯದಲ್ಲಿ ಇವುಗಳಲ್ಲಿ ಹಲವು ಸಿಗುತ್ತವೆ.

ಹಂತ 2: ಮುನ್ನುಡಿಯನ್ನು ಕೊನೆಗೆ ಓದಿ

ನಮ್ಮಲ್ಲಿ ಹಿರಿಯರಿಂದ ಮುನ್ನುಡಿ, ಇನ್ನೊಬ್ಬರಿಂದ ಬೆನ್ನುಡಿ ಬರೆಸುವ ಪದ್ಧತಿ ಇದೆ. ಅಕ್ಕರೆಯಿಂದ ಬರೆದ ಮಾತುಗಳವು, ತಪ್ಪೇನಿಲ್ಲ. ಆದರೆ ಅವನ್ನು ಮೊದಲೇ ಓದಿಕೊಂಡರೆ ನಿಮ್ಮ ಬರಹದಲ್ಲಿ ಅವರ ಮಾತೇ ಹೊರಳಿ ಬರುತ್ತದೆ. ಕಥೆ ಮುಗಿದ ಮೇಲೆ ಮುನ್ನುಡಿ ಓದಿ, ಎಲ್ಲಿ ಒಪ್ಪುತ್ತೀರಿ, ಎಲ್ಲಿ ಇಲ್ಲ ಎಂದು ನೋಡಿಕೊಳ್ಳಿ. ಎಷ್ಟೋ ಸಲ ಬರೆಯಲು ಎಳೆ ಸಿಗುವುದು ಆ ಒಪ್ಪದ ಜಾಗದಲ್ಲೇ.

ಹಂತ 3: ಓದುತ್ತಲೇ ಗುರುತು ಹಾಕಿ

ಸ್ವಂತ ಪುಸ್ತಕವಾದರೆ ಅಂಚಿನಲ್ಲಿ ಪೆನ್ಸಿಲ್ ಗುರುತು, ಗ್ರಂಥಾಲಯದ್ದಾದರೆ ಒಳಗೊಂದು ಕಾಗದದ ಚೀಟಿ. ನಿಂತು ಮತ್ತೊಮ್ಮೆ ಓದಿದ ಕಡೆ ಒಂದು ಗೆರೆ. ಅರ್ಥವಾಗದ, ನಂಬಲಾಗದ ಕಡೆ ಪ್ರಶ್ನಾರ್ಥಕ ಚಿಹ್ನೆ. ಬೇಸರವಾಗಿ ಪುಟ ಹಾರಿಸಿದ ಕಡೆ ಒಂದು ಸೊನ್ನೆ. ಹೆಚ್ಚಿನವರು ಸೊನ್ನೆ ಹಾಕಲು ಹಿಂಜರಿಯುತ್ತಾರೆ, ಅದರಲ್ಲೂ ದೊಡ್ಡ ಹೆಸರಿನ ಪುಸ್ತಕಕ್ಕೆ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಜ್ಞಾನಪೀಠ ಪಡೆದ ಕಾದಂಬರಿ. ಅಜ್ಜಿ, ಮೊಮ್ಮಗ ಸುಬ್ಬರಾಯನ ನಡುವೆ ದೇವರು, ಧರ್ಮ, ಹೆಣ್ಣು ಗಂಡು ಎಂದು ಸಾಗುವ ಮಾತುಕತೆ ಅದರಲ್ಲಿ ಉದ್ದಕ್ಕೂ ಇದೆ. ಅದೇ ಅದರ ಜೀವ ಎನ್ನುವವರಿದ್ದಾರೆ, ನಾನೂ ಅವರ ಪೈಕಿ. ಕಥೆ ಮುಂದೆ ಸಾಗುತ್ತಿಲ್ಲ ಎಂದು ನಿಮಗನ್ನಿಸಿದರೆ ಧೈರ್ಯವಾಗಿ ಸೊನ್ನೆ ಹಾಕಿ. ಎಷ್ಟನೇ ಪುಟದಲ್ಲಿ ಹಾಗನ್ನಿಸಿತು ಎಂಬುದನ್ನು ಮಾತ್ರ ಬರೆದಿಟ್ಟುಕೊಳ್ಳಿ.

ಹಂತ 4: ಆ ಪುಸ್ತಕಕ್ಕೆ ಏನು ಬೇಕಿತ್ತು ಎಂದು ಕೇಳಿಕೊಳ್ಳಿ

ನಿಧಾನವಾಗಿ ಮಾಡಬೇಕಾದ ಕೆಲಸ ಇದು. ಅಭಿಪ್ರಾಯಗಳು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ.

‘ಹಸುರು ಹೊನ್ನು’ ಓದಿ ‘ಕಥೆಯೇ ಇಲ್ಲ’ ಎಂದರೆ ಬಂಗಾರದ ತಕ್ಕಡಿಯಲ್ಲಿ ಭತ್ತ ತೂಗಿದ ಹಾಗೆ. ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುತ್ತ, ಗಿಡಗಳ ಚಿತ್ರ ತಾವೇ ಬರೆದು, ನಗಿಸುತ್ತ ಪಾಠ ಹೇಳುವ ಪುಸ್ತಕ ಅದು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದಕ್ಕೆ ಕೇಳಬೇಕಾದ ಪ್ರಶ್ನೆಗಳೇ ಬೇರೆ: ಪುಸ್ತಕ ಮುಚ್ಚಿದ ಮೇಲೆ ಒಂದೆರಡು ಗಿಡವಾದರೂ ನೆನಪಿನಲ್ಲಿ ನಿಂತವೇ? ನಗು ತಾನಾಗಿ ಬಂತೇ, ಎಳೆದು ತಂದಂತಿತ್ತೇ? ವಿಜ್ಞಾನದ ವಿವರ ಹೆಚ್ಚಾಗಿ ಎಲ್ಲಿ ಎಡವಿದಿರಿ?

‘ಕುಸುಮಬಾಲೆ’ಯದು ಇನ್ನೊಂದು ಬಗೆಯ ತೊಡಕು. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಹಾಡಿನ ಲಯ ಹಿಡಿದು ಸಾಗುವ ಕಾದಂಬರಿ ಅದು. ಹುಬ್ಬಳ್ಳಿಯವರಿಗೋ ಮಂಗಳೂರಿನವರಿಗೋ ಮೊದಲ ಪುಟಗಳು ಕಷ್ಟವಾದರೆ ಅದು ಪುಸ್ತಕದ ದೋಷವೂ ಅಲ್ಲ, ಓದುಗರ ದೋಷವೂ ಅಲ್ಲ. ಇದ್ದದ್ದನ್ನು ಇದ್ದಂತೆ ಬರೆಯಿರಿ: ‘ಕಣ್ಣಲ್ಲಿ ಓದಿದಾಗ ತೊಡರಿತು, ಗಟ್ಟಿಯಾಗಿ ಓದಿದ ಮೇಲೆ ದಾರಿ ಬಿಟ್ಟುಕೊಟ್ಟಿತು.’ ಇಷ್ಟು ಹೇಳಿದರೆ ಮುಂದೆ ಓದುವವರಿಗೆ ಎಷ್ಟೊಂದು ಉಪಕಾರ! ‘ಭಾಷಾಪ್ರಯೋಗ ವಿಶಿಷ್ಟವಾಗಿದೆ’ ಎಂಬ ಸಾಲಿನಿಂದ ಯಾರಿಗೂ ಏನೂ ದಕ್ಕುವುದಿಲ್ಲ.

‘ಪರ್ವ’ದ ಮಾತು ಬಂದಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಮಹಾಭಾರತದಿಂದ ವರ, ಶಾಪ, ಪವಾಡಗಳನ್ನು ಕಳೆದು, ಕುಂತಿ ದ್ರೌಪದಿ ಭೀಮರ ಒಳಮನಸ್ಸಿನ ಮೂಲಕ ಹೇಳಿದ ಕಾದಂಬರಿ ಅದು. ಭಕ್ತಿಯಿಂದ ಭಾರತ ಕೇಳಿ ಬೆಳೆದವರಿಗೆ ಸಿಟ್ಟು ಬರಬಹುದು. ಆ ಸಿಟ್ಟನ್ನೂ ಬರೆಯಿರಿ, ಆದರೆ ಬೇರೆ ಸಾಲಿನಲ್ಲಿ. ‘ಈ ವಿಚಾರವನ್ನು ನಾನು ಒಪ್ಪುವುದಿಲ್ಲ’ ಎನ್ನುವುದು ಒಂದು ಮಾತು, ‘ಈ ಭಾಗವನ್ನು ಚೆನ್ನಾಗಿ ಬರೆದಿಲ್ಲ’ ಎನ್ನುವುದು ಇನ್ನೊಂದು. ಇವೆರಡನ್ನೂ ಕಲಸಿದರೆ ಅಭಿಪ್ರಾಯ ಪಾಳಯದ ಘೋಷಣೆಯಾಗಿಬಿಡುತ್ತದೆ. 2007ರಲ್ಲಿ ಅದೇ ಲೇಖಕರ ‘ಆವರಣ’ ಬಂದಾಗ ಪರ ವಿರೋಧದ ಮಾತು ಎಷ್ಟು ಜೋರಾಗಿತ್ತೆಂದರೆ, ಕಾದಂಬರಿಯಾಗಿ ಅದು ಹೇಗಿದೆ ಎಂಬ ಪ್ರಶ್ನೆ ಹಿಂದೆ ಸರಿಯಿತು. ಆ ಪ್ರಶ್ನೆಯನ್ನು ಕೇಳಬಲ್ಲವರು ಯಾವ ಪಾಳಯಕ್ಕೂ ಸೇರದ ಓದುಗರೇ.

ಹಂತ 5: ಕಥೆ ಎಷ್ಟು ಹೇಳಬೇಕೋ ಅಷ್ಟೇ ಹೇಳಿ

ಪುಸ್ತಕದ ಮೊದಲ ಕಾಲುಭಾಗದಲ್ಲಿ ಏನಾಗುತ್ತದೋ ಅಷ್ಟನ್ನು ಹೇಳಬಹುದು ಎಂಬುದು ಸುಮಾರಾಗಿ ಸರಿಹೋಗುವ ನಿಯಮ. ‘ಕರ್ವಾಲೊ’ದಲ್ಲಿ ಹಾರುವ ಓತಿಯ ಹುಡುಕಾಟ ಇದೆ ಎನ್ನಿ, ಹುಡುಕಾಟ ಏನಾಯಿತು ಎನ್ನಬೇಡಿ. ‘ಫಣಿಯಮ್ಮ’ನಿಗೆ ಈ ನಿಯಮ ಬೇಕಿಲ್ಲ. ಆಕೆ ಬಾಲವಿಧವೆ ಎಂಬುದು ಗುಟ್ಟಲ್ಲ, ಒಂದು ಇಡೀ ಆಯುಷ್ಯವನ್ನು ಆಕೆ ಹೇಗೆ ಬಾಳಿದಳು ಎಂಬುದರಲ್ಲಿ ಓದಿನ ಬೆಲೆ ಇದೆ. ‘ಘಾಚರ್ ಘೋಚರ್’ನ ಕೊನೆಯ ಬಗ್ಗೆ ಮಾತ್ರ ಒಂದಕ್ಷರವೂ ಬೇಡ. ‘ಕೊನೆಯಲ್ಲಿ ಬೆಚ್ಚಿಬೀಳುತ್ತೀರಿ’ ಎಂದರೂ ಸಾಕು, ಓದುವವರು ಮೊದಲ ಪುಟದಿಂದಲೇ ಅದನ್ನೇ ಕಾಯುತ್ತ ಕೂರುತ್ತಾರೆ.

ಹಂತ 6: ಹೊಗಳಿಕೆಯ ಪದ ಹೊಡೆದುಹಾಕಿ, ಪುಟ ತೋರಿಸಿ

ಮೊದಲ ಕರಡು ಮುಗಿದ ಮೇಲೆ ‘ಅದ್ಭುತ’, ‘ಮನಮುಟ್ಟುವ’, ‘ಸಂಗ್ರಹಯೋಗ್ಯ’, ‘ಓದಿಸಿಕೊಂಡು ಹೋಗುತ್ತದೆ’ ಇಂಥವನ್ನೆಲ್ಲ ಹುಡುಕಿ ಅಡಿಗೆರೆ ಹಾಕಿ. ಯಾವ ಪುಸ್ತಕಕ್ಕಾದರೂ ಅಂಟಿಸಬಹುದಾದ ಪದಗಳಿವು. ಒಂದೊಂದನ್ನೂ ತೆಗೆದು ಆ ಜಾಗದಲ್ಲಿ, ಹಾಗನ್ನಿಸಲು ಕಾರಣವಾದ ಸಂಗತಿಯನ್ನು ಇಡಿ.

‘ಮಧ್ಯಮ ವರ್ಗದ ಬದುಕಿನ ಅದ್ಭುತ ಚಿತ್ರಣ’ ಎಂದು ‘ಘಾಚರ್ ಘೋಚರ್’ ಬಗ್ಗೆ ಬರೆದಿದ್ದೀರಿ ಅಂದುಕೊಳ್ಳಿ. ತಿದ್ದಿದ ಮೇಲೆ ಅದು ಹೀಗಾಗಬಹುದು: ‘ಹಳೆಯ ಮನೆಯಲ್ಲಿ ಇರುವೆಗಳ ಕಾಟದ ಎದುರು ಮನೆಮಂದಿಯೆಲ್ಲ ಒಂದಾಗಿದ್ದರು. ಚಿಕ್ಕಪ್ಪನ ವ್ಯಾಪಾರ ಕುದುರಿ ದುಡ್ಡು ಬಂದ ಮೇಲೂ ಒಂದಾಗಿಯೇ ಇದ್ದಾರೆ, ಆದರೆ ಈಗ ಆ ಒಗ್ಗಟ್ಟು ಕಂಡರೆ ಹೆದರಿಕೆಯಾಗುತ್ತದೆ.’ ‘ಅದ್ಭುತ’ ಹೋಯಿತು, ಪುಸ್ತಕ ಕಾಣಿಸಿತು.

ಕಥಾಸಂಕಲನವಾದರೆ ಇಡಿಯಾಗಿ ಒಂದೇ ತೀರ್ಪು ಕೊಡಬೇಡಿ. ಹಿಡಿಸಿದ ಎರಡು ಕಥೆ, ನಿಲ್ಲದ ಒಂದು ಕಥೆ ಹೆಸರಿಸಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಅವರನ್ನು ಮೊದಲ ಸಲ ಓದಿದವರು ಬಹಳ. ಬಹುಮಾನ ಪಡೆದ ‘ಹಾರ್ಟ್ ಲ್ಯಾಂಪ್’ ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ 12 ಕಥೆಗಳ ಆಯ್ಕೆ. ನೀವು ಓದಿದ್ದು ಅದನ್ನೋ ಕನ್ನಡ ಮೂಲವನ್ನೋ ಎಂದು ಮೊದಲ ಸಾಲಿನಲ್ಲೇ ತಿಳಿಸಿ. ‘ಫಣಿಯಮ್ಮ’ನಂತೆ ಸಿನಿಮಾ ಆದ ಪುಸ್ತಕಕ್ಕೂ ಇದೇ ಮಾತು: ಪ್ರೇಮಾ ಕಾರಂತರ ಚಿತ್ರ ನೋಡಿ ಮೂಡಿದ ಭಾವನೆಯನ್ನು ಪುಸ್ತಕದ ಲೆಕ್ಕಕ್ಕೆ ಬರೆಯಬೇಡಿ.

ಹಂತ 7: ಹಿಡಿಸದ್ದನ್ನು ಹೇಳುವುದು

ಕನ್ನಡದ ಪುಸ್ತಕಲೋಕ ಚಿಕ್ಕದು. ಲೇಖಕರು ನಿಮ್ಮ ಮೇಷ್ಟ್ರಾಗಿರಬಹುದು, ಪಕ್ಕದ ಬೀದಿಯವರಾಗಿರಬಹುದು, ಸಹಿ ಮಾಡಿ ಗೌರವ ಪ್ರತಿ ಕೈಗಿತ್ತವರಾಗಿರಬಹುದು. ಹೀಗಿರುವಾಗ ಸುಮ್ಮನಿರುವುದೇ ಮೇಲು ಎನ್ನಿಸುತ್ತದೆ. ನಾನು ಹಾಗೆಂದುಕೊಳ್ಳುವುದಿಲ್ಲ. ಪರಿಚಯವಿದ್ದರೆ ‘ಲೇಖಕರು ನನಗೆ ಪರಿಚಿತರು, ಪ್ರತಿಯನ್ನು ಅವರೇ ಕೊಟ್ಟರು’ ಎಂದು ಮೊದಲೇ ಬರೆದುಬಿಡಿ. ಆಮೇಲಿನ ಮಾತಿಗೆ ತೂಕ ಬರುತ್ತದೆ.

ಬರೆಯುವಾಗ ಪುಸ್ತಕದಲ್ಲಿ ಇರುವುದರ ಬಗ್ಗೆ ಬರೆಯಿರಿ. ಲೇಖಕರ ಊರು, ಜಾತಿ, ರಾಜಕೀಯ, ಪ್ರಶಸ್ತಿ ಯಾವುದೂ ಬೇಡ. ಎಲ್ಲರೂ ಒಂದೇ ಧಾಟಿಯಲ್ಲಿ ಮಾತಾಡುತ್ತಾರೆ, ಮಧ್ಯದ ಪ್ರಕರಣಗಳಲ್ಲಿ ಹೇಳಿದ್ದೇ ಮತ್ತೆ ಬರುತ್ತದೆ, ಹಳ್ಳಿಯ ಹುಡುಗಿ ಪೇಟೆಯ ಭಾಷೆ ಆಡುತ್ತಾಳೆ: ತಕರಾರು ಹೀಗೆ ಹಿಡಿದು ತೋರಿಸುವಂತಿರಲಿ. ಅಚ್ಚಿನ ತಪ್ಪು, ಕಣ್ಣಿಗೆ ತ್ರಾಸಾಗುವ ಸಣ್ಣ ಅಕ್ಷರ, ಕಟ್ಟು ಬಿಟ್ಟ ಪುಟ ಇವು ಪ್ರಕಾಶಕರಿಗೆ ಸೇರಿದ್ದು. ಪುಟಸಂಖ್ಯೆ ಸಮೇತ ಬೇರೆಯಾಗಿ ಬರೆದರೆ ಮರುಮುದ್ರಣದಲ್ಲಿ ಸರಿಪಡಿಸಲು ಅವರಿಗೂ ಅನುಕೂಲ. ಅರ್ಧಕ್ಕೇ ಬಿಟ್ಟಿದ್ದರೆ ಎಲ್ಲಿ ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಹೇಳಿ. ಪೂರ್ತಿ ಓದಿದವರ ಹಾಗೆ ತೀರ್ಪು ಕೊಡುವುದು ಮಾತ್ರ ಅನ್ಯಾಯ.

ಹಂತ 8: ಯಾರು ಓದಬಹುದು ಎಂದು ಹೇಳಿ ಮುಗಿಸಿ

ನಕ್ಷತ್ರ, ಅಂಕ ಕೊಡುವುದನ್ನು ನಾನು ಮೆಚ್ಚುವುದಿಲ್ಲ. ‘ಪರ್ವ’ಕ್ಕೆ ನಾಲ್ಕು, ‘ಹಸುರು ಹೊನ್ನು’ವಿಗೆ ನಾಲ್ಕು ಎಂದರೆ ಎರಡರ ಬಗ್ಗೆಯೂ ಏನೂ ಹೇಳಿದಂತಾಗಲಿಲ್ಲ. ಅದರ ಬದಲು ಯಾವ ವಯಸ್ಸಿನ, ಯಾವ ಅಭಿರುಚಿಯ ಓದುಗರ ಕೈಗೆ ಇದನ್ನು ಕೊಡುತ್ತೀರಿ, ಯಾರಿಗೆ ಕೊಡುವುದಿಲ್ಲ ಎಂದು ಬರೆಯಿರಿ. ಎಲ್ಲ ಹಂತ ಸೇರಿಸಿದರೆ ಅಭಿಪ್ರಾಯ ಇಷ್ಟುದ್ದ ಇದ್ದರೂ ಸಾಕು:

‘ಕರ್ವಾಲೊ, ಪೂರ್ಣಚಂದ್ರ ತೇಜಸ್ವಿ. ಕೃಷಿಯ ತಾಪತ್ರಯದಲ್ಲಿ ಸಿಕ್ಕ ನಿರೂಪಕನಿಗೆ ಜೇನಿನ ನೆಪದಲ್ಲಿ ಮಂದಣ್ಣ ಪರಿಚಯವಾಗುತ್ತಾನೆ. ಊರವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು, ಕರ್ವಾಲೊ ಎಂಬ ವಿಜ್ಞಾನಿಗೆ ಅವನ ಕಾಡಿನ ತಿಳಿವಳಿಕೆ ಅಮೂಲ್ಯ. ನನಗೆ ತುಂಬ ಹಿಡಿಸಿದ್ದು ಈ ಗೌರವ. ಓದಿಲ್ಲದವನ ಜ್ಞಾನಕ್ಕೆ ಓದಿದವನು ತಲೆಬಾಗುವುದನ್ನು ಉಪದೇಶವಿಲ್ಲದೆ ತೋರಿಸಿದ್ದಾರೆ. ಕಾಡಿನ ನಡಿಗೆಯ ಪುಟಗಳನ್ನು ಎರಡು ಸಲ ಓದಿದೆ. ಹೆಂಗಸರು ಕಥೆಯ ಅಂಚಿನಲ್ಲೇ ಉಳಿದುಬಿಡುತ್ತಾರೆ, ಅದು ನನಗೆ ಕೊರತೆ ಎನ್ನಿಸಿತು. ಹೈಸ್ಕೂಲು ಮಕ್ಕಳಿಂದ ಹಿಡಿದು ಯಾರಿಗಾದರೂ ಕೊಡುತ್ತೇನೆ. ಬಿಗಿಯಾದ ಕೌಟುಂಬಿಕ ಕಥೆ ಬೇಕೆನ್ನುವವರಿಗೆ ಕೊಡುವುದಿಲ್ಲ.’

ಹಂತ 9: ಎರಡು ದಿನ ಬಿಟ್ಟು ಹಂಚಿಕೊಳ್ಳಿ

ಬರೆದದ್ದನ್ನು ಪಕ್ಕಕ್ಕಿಟ್ಟು, ಆಮೇಲೆ ಗಟ್ಟಿಯಾಗಿ ಓದಿ. ಲೇಖಕರು ಎದುರಿಗೆ ಕೂತಿದ್ದರೂ ಈ ಸಾಲನ್ನು ಓದಬಲ್ಲೆನೇ ಎಂದು ಕೇಳಿಕೊಳ್ಳಿ. ಓದಲಾರದ್ದು ಅನ್ನಿಸಿದರೆ ತೆಗೆಯುವ ಮೊದಲು, ಅದರಲ್ಲಿ ಚುಚ್ಚುವುದು ಸತ್ಯವೋ ದನಿಯೋ ನೋಡಿ. ದನಿಯಾದರೆ ಬದಲಿಸಿ, ಸತ್ಯವಾದರೆ ಉಳಿಸಿ. ಬೇರೆ ಓದುಗರು ಒಪ್ಪದೆ ವಾದಕ್ಕೆ ಬಂದರೆ ಅವರು ಯಾವ ಪುಟ ತೋರಿಸುತ್ತಾರೆ ಎಂದು ಕೇಳಿ, ಆ ಪುಟ ತೆಗೆದು ಮತ್ತೆ ಓದಿ.

ಪ್ರತಿ ಅಭಿಪ್ರಾಯದ ಕೆಳಗೆ ತಾರೀಖು ಹಾಕಿಡಿ. ಕೆಲವು ವರ್ಷ ಕಳೆದು ಅದೇ ಪುಸ್ತಕ ಓದಿದಾಗ ಮನಸ್ಸು ಬದಲಾಗಿದ್ದರೆ ಹಳೆಯದನ್ನು ತಿದ್ದಬೇಡಿ. ಅದರ ಕೆಳಗೇ ಹೊಸ ತಾರೀಖು ಹಾಕಿ, ಈಗ ಅನ್ನಿಸಿದ್ದನ್ನು ಸೇರಿಸಿ.